ಚೌಕಳಿಯಲ್ಲಿ ಕೂತ ಸ್ವರಗಳು

ಆಗಸ್ಟ್ 5, ಸೋಮವಾರ

ಬಾಯಿ ಮುಚ್ಚಿಕೊಂಡು ಶಾಲೆಗೆ ಹೋಗಿಬಂದ ಮೊದಲ ದಿನ. ಮುಚ್ಚಿಕೊಂಡು ಎಂದರೆ ನಿಜಕ್ಕೂ ಮುಚ್ಚಿಕೊಂಡು. ಗಂಟಲಿನ ಡಾಕ್ಟರು ಧ್ವನಿತಂತುವಿನ ಮೇಲಿದ್ದ ಗಂಟನ್ನು ತೆಗೆದು, "ಮಾತಾಡೋ ಹಾಗಿಲ್ಲ, ಹಾಡೋ ಹಾಗಿಲ್ಲ, ಪಿಸುಗುಟ್ಟೋ ಹಾಗೂ ಇಲ್ಲ" ಎಂದು ಇದ್ದಬದ್ದ ಬಾಗಿಲುಗಳಿಗೆಲ್ಲ ಬೀಗ ಜಡಿದು ಕಳಿಸಿದ್ದಾರೆ. ಅಕ್ಟೋಬರಿನಲ್ಲಿ ಕ್ಯಾಮೆರಾ ಇಳಿಸಿ ನೋಡಿದ ಮೇಲೆ ಮುಂದಿನ ಮಾತು. ಅಲ್ಲಿಯವರೆಗೆ ಕೊರಳಿಗೆ ದಾರ ಕಟ್ಟಿ ತೂಗಿಸಿಕೊಂಡ ಒಂದು ಸ್ಲೇಟು, ಚೀಲದಲ್ಲಿ ಬಳಪ. ಸ್ಲೇಟಿನಲ್ಲಿ ಹಿಡಿಸದ ಸಿಟ್ಟನ್ನೆಲ್ಲ ಸುರಿದುಕೊಳ್ಳುವುದಕ್ಕೆ ಈ ದಿನಚರಿ.

ಮನೆಯಲ್ಲಿ ಅತ್ತೆಗೆ ಕಿವಿ ಕೇಳುವುದಿಲ್ಲ, ಸೊಸೆಗೆ ಬಾಯಿ ಇಲ್ಲ. "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಮ್ಮಿಬ್ಬರಿಗೂ ಒಟ್ಟಿಗೇ ಬಂತಲ್ಲೇ!" ಎಂದು ಅತ್ತೆ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ಲೇಟು ಬಂದ ಮೇಲೆ ನನ್ನ ಮಾತೆಲ್ಲ ಅವರಿಗೆ ಪೂರ್ತಿ ತಲುಪುತ್ತಿದೆ. ಇಷ್ಟು ವರ್ಷ ಕಿರುಚಿ ಹೇಳಿದ್ದು ಅರ್ಧವೂ ತಲುಪುತ್ತಿರಲಿಲ್ಲ.

ಶಾಲೆಯಲ್ಲಿ ದೊಡ್ಡ ಮೇಡಂ ಕರೆಸಿದ್ದರು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ಹಾಗೇ ಕರೆಯುವುದು. ಅವರಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ: ಕಹಿ ಔಷಧಿಗೆ ಸಕ್ಕರೆ ಬೆರೆಸುವುದಿಲ್ಲ.

"ನೋಡಿ ಟೀಚರ್, ಧ್ವನಿ ಇಲ್ಲದ ಸಂಗೀತದ ಟೀಚರ್ ಯಾಕೆ ಅಂತ ಶಾಲಾ ಸಮಿತಿಯವರು ಕೇಳ್ತಿದ್ದಾರೆ. ಸಂಗೀತದ ಪೀರಿಯಡ್ ತೆಗೆದು ಲೆಕ್ಕಕ್ಕೆ ಕೊಡಿ, ನಿಮ್ಮನ್ನ ಲೈಬ್ರರಿಗೆ ಹಾಕಿ ಅಂತಾರೆ. ಈ ಟರ್ಮ್ ಮುಗಿಯೋ ತನಕ ತಡೆದಿದ್ದೀನಿ. ಕಂಪ್ಯೂಟರ್‌ನಲ್ಲಿ ಮಕ್ಕಳ ಕೈಲೇ ಸಂಗೀತ ಮಾಡಿಸೋ ಸಾಫ್ಟ್‌ವೇರ್‌ಗಳು ಇವೆಯಂತಲ್ಲ, ಒಂದನ್ನ ಆರಿಸಿ. ಮಕ್ಕಳಿಗೆ ಸುಲಭ ಇರಬೇಕು, ನಮ್ಮ ಹಳೇ ಯಂತ್ರಗಳಲ್ಲಿ ಓಡಬೇಕು, ಬೆಲೆ ಕೇಳಿ ಸಮಿತಿಯವರು ಎದೆ ಹಿಡ್ಕೋಬಾರದು. ಸೆಪ್ಟೆಂಬರ್ ಕೊನೇಲಿ ಅವರೇ ಬಂದು ನೋಡಿ ತೀರ್ಮಾನ ಮಾಡ್ತಾರೆ."

"ಯಂತ್ರ ಹಾಡಿದರೆ ಮಕ್ಕಳು ಏನು ಮಾಡಬೇಕು?" ಎಂದು ಸ್ಲೇಟಿನ ಮೇಲೆ ಬರೆದೆ.

"ಅದನ್ನ ನೀವೇ ನೋಡಿ ನನಗೆ ಹೇಳಿ" ಎಂದರು.

ಲೈಬ್ರರಿ ಎಂದರೆ ಮೆಟ್ಟಿಲ ಕೆಳಗಿನ ಕೋಣೆ. ಅಲ್ಲಿ ಕುಳಿತು, ನಮ್ಮ ಸಂಗೀತದ ಕೋಣೆಯಿಂದ ಮಗ್ಗಿ ಹೇಳುವುದನ್ನು ಕೇಳಬೇಕಾದೀತು ಎಂದು ನೆನೆದರೆ ಗಂಟಲಿನ ಗಾಯಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಧ್ವನಿಯೊಂದು ಬೇಗ ಮರಳಿ ಬಂದರೆ ಇದೆಲ್ಲ ರಗಳೆಯೇ ಇರುವುದಿಲ್ಲ.

ಆಗಸ್ಟ್ 7, ಬುಧವಾರ

ನನಗೆ ಜೊತೆ ಕೊಟ್ಟಿರುವುದು ಕಂಪ್ಯೂಟರ್ ಮಿಸ್ ಎಂಬ ಹುಡುಗಿಯನ್ನು. ಕಳೆದ ವರ್ಷವಷ್ಟೇ ಸೇರಿದವಳು. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕ ಕೂತು ತಾನಾಯಿತು ತನ್ನ ಡಬ್ಬಿಯಾಯಿತು ಎಂದಿರುತ್ತಾಳೆ. ಇಂದು ಮೊದಲ ಸಲ ಅವಳ ಲ್ಯಾಬಿಗೆ ಕಾಲಿಟ್ಟೆ.

"ಮೇಡಂ, ಮೊದಲೇ ಹೇಳಿಬಿಡ್ತೀನಿ, ನನಗೆ ಸಂಗೀತದ ಗಂಧಗಾಳಿ ಇಲ್ಲ. ಎರಡು ಸ್ವರ ಬಾರಿಸಿ ಯಾವುದು ಮೇಲೆ ಯಾವುದು ಕೆಳಗೆ ಅಂತ ಕೇಳಿದ್ರೆ ಚೀಟಿ ಎತ್ತಿ ಹೇಳಬೇಕು" ಎಂದಳು.

"ನನಗೆ ಮೌಸ್ ಯಾವ ಕಡೆ ತಿರುಗಿಸಿ ಹಿಡಿಯಬೇಕೋ ಗೊತ್ತಿಲ್ಲ" ಎಂದು ಬರೆದೆ.

"ಒಳ್ಳೆ ಜೋಡಿ!" ಎಂದು ಚಪ್ಪಾಳೆ ತಟ್ಟಿದಳು.

ಲ್ಯಾಬಿನ ಯಂತ್ರಗಳೆಲ್ಲ ಯಾವುದೋ ಕಚೇರಿ ಬಿಸಾಡಿದವು. ಒಂದರ ಹೊಟ್ಟೆಯ ಭಾಗ ಇನ್ನೊಂದಕ್ಕೆ ಹಾಕಿ ಅವಳೇ ಬದುಕಿಸಿಟ್ಟಿದ್ದಾಳೆ. ಹೆಡ್‌ಫೋನುಗಳ ಮೆತ್ತೆ ಹರಿದು ಹೋಗಿದ್ದಕ್ಕೆ ಹಳೆಯ ಕಾಲುಚೀಲಗಳನ್ನು ಕತ್ತರಿಸಿ ಹೊಲಿದು ತೊಡಿಸಿದ್ದಾಳೆ, ಪ್ರತಿಯೊಂದಕ್ಕೂ ಬೇರೆ ಬಣ್ಣ. ಹೊಲಿಗೆಯನ್ನು ತಿರುಗಿಸಿ ನೋಡಿದೆ. ಒಳಮೈಯೂ ಹೊರಮೈಯಷ್ಟೇ ಅಚ್ಚುಕಟ್ಟು. ಇಂಥ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಂದು ಸಾಫ್ಟ್‌ವೇರ್ ತೋರಿಸಿದಳು. ದೊಡ್ಡ ದೊಡ್ಡ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಬಳಸುವಂಥದ್ದು. ಶಾಲೆಗಳಿಗೆ ರಿಯಾಯಿತಿ ಇದೆಯಂತೆ, ಮೊದಲ ಕೆಲವು ದಿನ ಪುಕ್ಕಟೆ. ತೆರೆದರೆ ವಿಮಾನ ಓಡಿಸುವವರ ಮುಂದಿರುತ್ತದಲ್ಲ, ಅಷ್ಟು ಗುಂಡಿ, ಅಷ್ಟು ಮುಳ್ಳು. ನನಗೆ ಮನಸ್ಸು ತುಂಬಿ ಬಂತು. ದೊಡ್ಡವರ ಉಪಕರಣವೇ ನಮ್ಮ ಮಕ್ಕಳ ಕೈಗೆ ಸಿಗಲಿ, ಕಡಿಮೆಯದು ಯಾಕೆ? ಹುಡುಗಿ ತುಟಿ ಕಚ್ಚಿಕೊಂಡಳು, ಆದರೆ ಎದುರು ಹೇಳಲಿಲ್ಲ. ಅದಕ್ಕೆ ವಿಮಾನ ಎಂದೇ ಹೆಸರಿಟ್ಟೆ.

ಆಗಸ್ಟ್ 13, ಮಂಗಳವಾರ

ವಿಮಾನ ನೆಲ ಬಿಟ್ಟು ಏಳಲಿಲ್ಲ.

ಎಂಟು ಒಂಬತ್ತು ವರ್ಷದ ಮಕ್ಕಳು. ಅರ್ಧ ಪೀರಿಯಡ್ ಶಬ್ದ ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲೇ ಹೋಯಿತು. ಎಳ್ಳಿನಷ್ಟು ದೊಡ್ಡ ಗುಂಡಿಯೊಂದನ್ನು ಒತ್ತಿದರೆ ಎಲ್ಲವೂ ಮೂಕವಾಗುತ್ತದೆ. ಆ ಗುಂಡಿ ಎಲ್ಲಿದೆ ಎಂದು ಯಂತ್ರ ಹೇಳುವುದಿಲ್ಲ, ನಾನೂ ಹೇಳಲಾರೆ. ಒಬ್ಬ ಹುಡುಗ ಕಿಟಕಿಗಳ ಮೇಲೆ ಕಿಟಕಿ ತೆರೆದುಕೊಂಡು ಅಳತೊಡಗಿದ. ನಾನು ಬಾಯಿ ತೆರೆದೆ, ಮುಚ್ಚಿದೆ. ಸ್ಲೇಟಿನಲ್ಲಿ "ಅಳಬೇಡ" ಎಂದು ಬರೆಯುವಷ್ಟರಲ್ಲಿ ಹುಡುಗಿ ಅವನ ಪಕ್ಕ ಮಂಡಿಯೂರಿ ಕೂತು, "ನೀನೇನೂ ಕೆಡಿಸಿಲ್ಲ ಪುಟ್ಟಾ, ಇದು ಹುಟ್ಟಿದ್ದೇ ಹೀಗೆ" ಎನ್ನುತ್ತಿದ್ದಳು.

ಕೊನೆಗೆ ಇಬ್ಬರು ಮಕ್ಕಳು ಹೇಗೋ ಒಂದು ಪುಟ್ಟ ರಾಗ ಜೋಡಿಸಿದರು. ಸೇವ್ ಮಾಡಲು ಹೋದರೆ, ಪುಕ್ಕಟೆ ದಿನಗಳಲ್ಲಿ ಸೇವ್ ಆಗುವುದಿಲ್ಲವಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಇಬ್ಬರ ಮುಖ ನೋಡಲಾಗಲಿಲ್ಲ.

ಆಗಸ್ಟ್ 14, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಗಂಟಲು ಉರಿ.

ಆಗಸ್ಟ್ 21, ಬುಧವಾರ

ಎರಡನೆಯದಕ್ಕೆ ಮೃಗಾಲಯ ಎಂದು ಹೆಸರು. ಆನೆ ಒತ್ತಿದರೆ ಡೋಲು, ಹಕ್ಕಿ ಒತ್ತಿದರೆ ಕೊಳಲು, ಕಪ್ಪೆ ಒತ್ತಿದರೆ ತಾಳ. ಮಕ್ಕಳು ಕುರ್ಚಿ ಬಿಟ್ಟು ಏಳುವುದಿಲ್ಲ. ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ, ಪ್ರತಿ ಮಗುವಿಗೂ ತಿಂಗಳು ತಿಂಗಳು ಕಟ್ಟುತ್ತಿರಬೇಕು, ಅದೊಂದು ತಕರಾರು. ಆದರೆ ನನಗೆ ತಡೆಯಲಾಗದ್ದು ಬೇರೆ. ಅದರಲ್ಲಿ ತಪ್ಪು ಸ್ವರವೇ ಇಲ್ಲ. ಬೇಕೆಂದೇ ಮೊಣಕೈಯಿಂದ ಒತ್ತಿ ನೋಡಿದೆ. ಇಂಪಾಗಿಯೇ ಇತ್ತು! ಯಾವುದನ್ನು ಒತ್ತಿದರೂ ಹೊಂದಿಕೊಳ್ಳುವ ಸ್ವರಗಳನ್ನೇ ಆರಿಸಿ ತುಂಬಿಟ್ಟಿದ್ದಾರೆ.

"ನನಗೆ ಇದೇ ಇಷ್ಟ ಮೇಡಂ. ನನ್ನಂಥೋಳು ಒತ್ತಿದ್ರೂ ಚೆನ್ನಾಗಿ ಬರುತ್ತೆ" ಎಂದಳು ಹುಡುಗಿ.

"ಹಾಗಾದರೆ ಬಾರಿಸಿದ್ದು ನೀನಲ್ಲ" ಎಂದು ಬರೆದೆ.

ಅವಳ ಮುಖ ಚಿಕ್ಕದಾಯಿತು. ಬರೆದ ಮಾತು ಆಡಿದ ಮಾತಿಗಿಂತ ಚೂಪಾಗಿರುತ್ತದೆ. ಸ್ಲೇಟಿಗೆ ದನಿಯಿಲ್ಲವಲ್ಲ, ಮೆತ್ತಗೆ ಹೇಳುವುದು ಹೇಗೆ? ಸ್ವಲ್ಪ ಹೊತ್ತಿಗೆ ಅವಳೇ ನಗುತ್ತ ಹೇಳಿದಳು. ಚಿಕ್ಕವಳಿದ್ದಾಗ ಶಾಲೆಯ ಗುಂಪಿನ ಹಾಡಿನಲ್ಲಿ ಅವಳನ್ನು ಕೊನೆಯ ಸಾಲಿಗೆ ಹಾಕಿ, ತುಟಿ ಮಾತ್ರ ಆಡಿಸು, ಶಬ್ದ ಬರಬಾರದು ಎಂದಿದ್ದರಂತೆ. "ಶಾಲೆ ಬಿಡೋ ತನಕ ತುಟಿ ಆಡಿಸಿದೆ ಮೇಡಂ. ಅಮ್ಮ ಪ್ರತಿ ಸಲ ಮುಂದೆ ಬಂದು ಕೂರೋರು. ಮನೆಗೆ ಹೋದ ಮೇಲೆ, 'ಎಲ್ಲರ ಮಧ್ಯೆ ನಿನ್ನ ದನಿ ಬೇರೆಯಾಗಿ ಕೇಳಿಸ್ತು ಕಣೇ' ಅನ್ನೋರು."

ನಮ್ಮಲ್ಲೂ ಕೊನೆಯ ಸಾಲು ಹಾಗೆಯೇ. ತುಟಿ ಸಾಲು ಎಂದು ಮಕ್ಕಳೇ ಹೆಸರಿಟ್ಟಿದ್ದಾರೆ. ಎಲ್ಲ ಮಕ್ಕಳೂ ವೇದಿಕೆಯ ಮೇಲಿರಬೇಕು, ಹಾಡೂ ಕೆಡಬಾರದು ಎಂದರೆ ಟೀಚರಾದವಳು ಇನ್ನೇನು ಮಾಡುವುದು? ಇದು ಎಲ್ಲರೂ ಮಾಡುವುದೇ.

ಆಗಸ್ಟ್ 22, ಗುರುವಾರ

ಮೃಗಾಲಯ ಬೇಡ ಎಂದು ದೊಡ್ಡ ಮೇಡಂಗೆ ಬರೆದುಕೊಟ್ಟೆ. ಆ ತಾಯಿಯ ಮಾತು ತಲೆಯಿಂದ ಹೋಗುತ್ತಿಲ್ಲ. ಎಂಥ ಹೆಂಗಸು! ಮಗಳಿಗೆ ಸುಳ್ಳು ಹೇಳಿದಳೋ, ಅಥವಾ ನಿಜಕ್ಕೂ ಕೇಳಿಸಿತ್ತೋ?

ಗಂಟಲು ಬೆಳಿಗ್ಗೆ ಉರಿ, ಸಂಜೆ ಪರವಾಗಿಲ್ಲ.

ಆಗಸ್ಟ್ 28, ಬುಧವಾರ

ಮೂರನೆಯದನ್ನು ತೆರೆದಾಗ ಏನೂ ಇರಲಿಲ್ಲ. ಒಂದು ಚೌಕಳಿ, ಅಷ್ಟೇ. ಅತ್ತೆ ಕಸೂತಿಗೆ ಗುರುತು ಹಾಕಿಕೊಳ್ಳುವ ಕಾಗದದಂತೆ ಅಡ್ಡ ಉದ್ದ ಮನೆಗಳು. ಎಡದಿಂದ ಬಲಕ್ಕೆ ಹೋದರೆ ಕಾಲ, ಕೆಳಗಿನಿಂದ ಮೇಲಕ್ಕೆ ಹೋದರೆ ಸ್ವರ ಏರುತ್ತದೆ. ಒಂದು ಮನೆಯನ್ನು ಒತ್ತಿದರೆ ಬಣ್ಣ ತುಂಬಿ ಸ್ವರ ಬರುತ್ತದೆ, ಮತ್ತೆ ಒತ್ತಿದರೆ ಅಳಿಸಿಹೋಗುತ್ತದೆ. ಓದು ಬರಹ ಬೇಕಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಇಡೀ ಶಾಲೆಗೆ ಒಂದೇ ಸಲ ಸಣ್ಣ ಬೆಲೆ ಕೊಟ್ಟರೆ ಮುಗಿಯಿತು. ನಮ್ಮ ಯಂತ್ರಗಳಲ್ಲೇ ಹಿರಿಯಜ್ಜನಂತಿರುವುದರಲ್ಲೂ ತಡವರಿಸದೆ ಓಡಿತು. ಎಲ್ಲಕ್ಕಿಂತ ದೊಡ್ಡದು, ತಪ್ಪು ಇಟ್ಟರೆ ತಪ್ಪಾಗಿಯೇ ಕೇಳಿಸುತ್ತದೆ. ಇದನ್ನು ಮಾಡಿದವರು ಯಾರೋ ಏನೋ, ಅವರ ಹೊಟ್ಟೆ ತಣ್ಣಗಿರಲಿ. ಏನೇನು ಹಾಕಬಾರದು ಎಂದು ಅವರಿಗೆ ಗೊತ್ತಿತ್ತು.

ಆದರೆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ಹುಡುಗಿ ತನ್ನ ಲ್ಯಾಪ್‌ಟಾಪಿನಲ್ಲಿ ಚೌಕಳಿ ಹಾಕಿಕೊಂಡು ಸಂಗೀತದ ಕೋಣೆಗೆ ಬಂದಳು. ಮಕ್ಕಳಿಗೆ ಕಲಿಸಿದ ಹಾಡನ್ನೇ ಅದರಲ್ಲಿ ಜೋಡಿಸಿ, ಜೊತೆಗೆ ಅಲ್ಲಿರುವ ಶಾಲೆಯ ಪಿಯಾನೊದಲ್ಲಿ ನುಡಿಸಿದೆ. ಎತ್ತು ಏರಿಗೆ, ಕೋಣ ನೀರಿಗೆ. ಪಿಯಾನೊ ಒಂದು ಕಡೆ, ಚೌಕಳಿ ಒಂದು ಕಡೆ. ಹಲ್ಲು ಜುಮ್ಮೆಂದಿತು. ಶ್ರುತಿಯೇ ಸರಿಯಿಲ್ಲದ ಸಾಫ್ಟ್‌ವೇರನ್ನು ಮಕ್ಕಳ ಕಿವಿಗೆ ಹಾಕುವುದೇ? ಇದೂ ಬೇಡ ಎಂದು ದೊಡ್ಡ ಮೇಡಂಗೆ ಬರೆದುಕೊಟ್ಟು ಬಂದೆ. ಇನ್ನು ಯಾವುದೂ ಉಳಿದಿಲ್ಲ. ಲೈಬ್ರರಿಯೇ ಗತಿ ಎಂದು ಕಾಣುತ್ತದೆ.

ಆಗಸ್ಟ್ 30, ಶುಕ್ರವಾರ

ಬೆಳಿಗ್ಗೆ ಹುಡುಗಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದು, "ಮೇಡಂ, ಬೈಬೇಡಿ" ಎಂದಳು.

"ಬೈಯಲು ಬಾಯೆಲ್ಲಿದೆ?" ಎಂದು ಬರೆದೆ.

ಶ್ರುತಿ ಅಳೆದು ಮುಳ್ಳಿನಲ್ಲಿ ತೋರಿಸುವ ಒಂದು ಸಣ್ಣ ಸಾಧನವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದಳು. ವಿಮಾನ, ಮೃಗಾಲಯ, ಚೌಕಳಿ ಮೂರರಲ್ಲೂ ಒಂದೇ ಸ್ವರ ನುಡಿಸಿ ತೋರಿಸಿದಳು. ಮೂರಕ್ಕೂ ಮುಳ್ಳು ನೆಟ್ಟಗೆ ನಡುವೆ ನಿಂತಿತು. ಆಮೇಲೆ ಪಿಯಾನೊದಲ್ಲಿ ಅದೇ ಸ್ವರ. ಮುಳ್ಳು ಎಡಕ್ಕೆ ಬಿದ್ದುಹೋಯಿತು.

"ನನ್ನ ಕಿವೀನ ನಂಬಬೇಡಿ ಮೇಡಂ, ನನಗೇ ನಂಬಿಕೆ ಇಲ್ಲ. ಮುಳ್ಳು ಏನು ಹೇಳುತ್ತೆ ಅಂತಷ್ಟೇ ತೋರಿಸಿದೆ. ಅದೇ ತಪ್ಪಿರಬಹುದು."

ಮೇಜಿನ ಒಳಗಿನಿಂದ ನನ್ನ ಶ್ರುತಿಕವೆ ಹುಡುಕಿ ತೆಗೆದೆ. ಎರಡು ಕಡ್ಡಿಯ ಉಕ್ಕಿನ ತುಂಡು. ಕಲಿಯುವ ಕಾಲದಲ್ಲಿ ಕೊಂಡದ್ದು, ಅದಕ್ಕೆ ಶ್ರುತಿ ತಪ್ಪಲು ಬರುವುದಿಲ್ಲ. ಮಂಡಿಗೆ ಬಡಿದು ಕಿವಿಯ ಹತ್ತಿರ ಹಿಡಿದೆ. ಚೌಕಳಿಯ ಸ್ವರ ಅದರೊಳಗೆ ಹಾಲಿಗೆ ಹಾಲು ಬೆರೆತ ಹಾಗೆ ಬೆರೆಯಿತು. ಪಿಯಾನೊ ಬೆರೆಯಲಿಲ್ಲ.

ಶ್ರುತಿ ಮಾಡುವವರು ಬರುವುದು ನಿಂತು ಎಷ್ಟು ಕಾಲವಾಯಿತೋ. ತಂತಿಗಳೆಲ್ಲ ಒಟ್ಟಿಗೇ, ಜಗಳವಾಡದೆ, ವರ್ಷವರ್ಷವೂ ಚೂರುಚೂರೇ ಇಳಿದಿವೆ. ಅದರ ಜೊತೆ ಹಾಡುತ್ತ ನಾನೂ ಇಳಿದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಡೊಂಕು ನೆಲದ ಮೇಲೆ ನಿಂತು ಕುಣಿಯುವವರೇ ಡೊಂಕು ಅಂದೆ. ನಗು ತಡೆಯಲಾಗಲಿಲ್ಲ. ಶಬ್ದವಿಲ್ಲದೆ ನಗುವುದು ಎಷ್ಟು ಕಷ್ಟ! ಭುಜ ಕುಣಿದು ಕಣ್ಣಲ್ಲಿ ನೀರು ಬಂತು. ಅಳುತ್ತಿದ್ದೇನೆ ಎಂದುಕೊಂಡು ಅವಳು ಓಡಿಹೋಗಿ ನೀರು ತಂದಳು.

ಕೊಟ್ಟ ಚೀಟಿಯನ್ನು ವಾಪಸು ಪಡೆಯಲು ಇಬ್ಬರೂ ಹೋದೆವು. ಮಿಸ್ ದೊಡ್ಡ ಮೇಡಂಗೆ, "ಇನ್ನೊಂದು ಸಲ ಪರೀಕ್ಷೆ ಮಾಡಿದ್ವಿ ಮೇಡಂ, ಸರಿಯಾಗಿದೆ" ಎಂದಷ್ಟೇ ಹೇಳಿದಳು. ಪಿಯಾನೊದ ಸುದ್ದಿಯನ್ನೇ ಎತ್ತಲಿಲ್ಲ. ಅವಳ ವಯಸ್ಸಿನಲ್ಲಿ ನನಗೆ ಇಂಥ ಅವಕಾಶ ಸಿಕ್ಕಿದ್ದರೆ ಸ್ಟಾಫ್ ರೂಮಿನಲ್ಲಿ ಡಂಗುರ ಸಾರುತ್ತಿದ್ದೆ. ನಡೆದದ್ದನ್ನೆಲ್ಲ ನಾನೇ ಸ್ಲೇಟಿನ ಎರಡೂ ಕಡೆ ಬರೆದು ತೋರಿಸಿದೆ. ದೊಡ್ಡ ಮೇಡಂ ಓದಿ, ಕನ್ನಡಕ ತೆಗೆದು, "ಪಿಯಾನೊಗೂ ಒಬ್ಬ ಡಾಕ್ಟರ್ ಬೇಕು ಅನ್ನಿ" ಎಂದರು.

ಸೆಪ್ಟೆಂಬರ್ 6, ಶುಕ್ರವಾರ

ಈ ವಾರ ಬರೆಯಲು ಪುರುಸೊತ್ತೇ ಆಗಲಿಲ್ಲ. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳು, ಯಾರು ಎಲ್ಲಿ ಬೇಕಾದರೂ ಕೂರಬಹುದು. ನನ್ನ ಹತ್ತಿರ ಕೆಂಪು ಕಾಲುಚೀಲದ ಹೆಡ್‌ಫೋನು. ಒಂದೊಂದು ಜೋಡಿಯ ಹತ್ತಿರ ಹೋಗಿ ತಂತಿ ಚುಚ್ಚಿಕೊಂಡು ಕೇಳುತ್ತೇನೆ. ನಿಲ್ಲಿಸಿ ಎನ್ನಲು ಮೇಜು ತಟ್ಟುತ್ತೇನೆ. ಮಕ್ಕಳು ಈಗ ಬಹಳ ಮೆತ್ತಗೆ ಮಾತಾಡುತ್ತಾರೆ, ಯಾಕೋ ಗೊತ್ತಿಲ್ಲ. ಹಿಂದೆ "ಸುಮ್ಮನಿರ್ರೋ" ಎಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದೆ. ಈಗಿನ ಮಕ್ಕಳೇ ಒಳ್ಳೆಯವರಿರಬೇಕು.

ಒಂದೊಂದು ಮಗುವಿನ ತಲೆ ಒಂದೊಂದು ಥರ. ಒಬ್ಬ ಏಣಿಯಂತೆ ಮೇಲೆ ಹತ್ತಿಸಿ ದೊಪ್ಪೆಂದು ಬೀಳಿಸುತ್ತಾನೆ, ಬಿದ್ದಾಗಲೆಲ್ಲ ತಾನೇ ನಗುತ್ತಾನೆ. ಇನ್ನೊಬ್ಬಳು ಎಲ್ಲ ಮನೆಗಳಿಗೂ ಬಣ್ಣ ತುಂಬಿ, ಗದ್ದಲ ಕೇಳಿ ಬೆಚ್ಚಿಬಿದ್ದು, ಒಂದೊಂದಾಗಿ ಅಳಿಸುತ್ತ ಹೋಗಿ ಕೊನೆಗೆ ಒಳ್ಳೆಯದೊಂದು ಸಾಲು ಉಳಿಸಿಕೊಂಡಳು. ಗುಬ್ಬಿ ಇದ್ದಾಳೆ, ಹೆಸರಿಗೆ ತಕ್ಕಂತೆ ಪುಟ್ಟ ಹುಡುಗಿ, ಇಷ್ಟು ದಿನ ತುಟಿ ಸಾಲಿನಲ್ಲಿದ್ದವಳು. ಎರಡು ಸ್ವರ ಇಟ್ಟು ನಾಲ್ಕು ಮನೆ ಖಾಲಿ ಬಿಡುತ್ತಾಳೆ, ಮತ್ತೆ ಎರಡು.

"ಇಲ್ಲೆಲ್ಲ ಯಾಕೆ ಖಾಲಿ?" ಎಂದು ಬರೆದೆ.

"ಅಲ್ಲಿ ಅವರು ಯೋಚನೆ ಮಾಡ್ತಾರೆ ಟೀಚರ್."

"ಯಾರು?"

"ಹಾಡು ಕೇಳ್ತಿರೋರು."

ಬಳಪ ಕೆಳಗಿಟ್ಟೆ. ಆಮೇಲೆ ಮಿಸ್ಸನ್ನು ಕರೆದು ಅವಳಿಗೂ ಕೇಳಿಸಿದೆ. ಅವಳು ಕಣ್ಣು ಮುಚ್ಚಿ ಕೇಳಿ, "ಮೇಡಂ, ಈ ಖಾಲಿ ಜಾಗ ಮಾತ್ರ ನನಗೆ ಸರಿಯಾಗಿ ಕೇಳಿಸ್ತು" ಎಂದಳು. ಇಬ್ಬರೂ ನಕ್ಕೆವು, ಅವಳು ಶಬ್ದದೊಂದಿಗೆ, ನಾನು ಇಲ್ಲದೆ. ಇಂಥ ಮಕ್ಕಳನ್ನು ಇಟ್ಟುಕೊಂಡು ನಾನು ಇಷ್ಟು ದಿನ ಏನು ಕೇ‍ಳುತ್ತಿದ್ದೆನೋ!

ಸೆಪ್ಟೆಂಬರ್ 11, ಬುಧವಾರ

ನಾಳೆ ಯಾವ ಸಾಫ್ಟ್‌ವೇರ್ ಎಂದು ಕೊನೆಯ ಮಾತು ಹೇಳಬೇಕು. ಲೆಕ್ಕದ ಮೇಷ್ಟ್ರು ಮಧ್ಯಾಹ್ನ ತಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ಟೀಚರ್, ನಿಮ್ಮ ಪೀರಿಯಡ್ ಹೋದ್ರೆ ನನಗೇ ಬರೋದು. ಆದ್ರೂ ಹೇಳ್ತೀನಿ ಕೇಳಿ. ಆ ದೊಡ್ಡದನ್ನೇ ಆರಿಸಿ. ಅದು ಕಷ್ಟ, ಅದಕ್ಕೇ ಟೀಚರ್ ಬೇಕೇ ಬೇಕು ಅಂತ ಆಗುತ್ತೆ. ಈ ಚೌಕಳೀನ ನನ್ನ ಮಗಳು ಮನೇಲಿ ಒಬ್ಬಳೇ ಕೂತು ಕಲ್ತುಬಿಟ್ಟಳು. ಇದನ್ನ ತೋರಿಸಿದ್ರೆ ಸಮಿತಿಯವರು, 'ಹಾಗಾದ್ರೆ ಟೀಚರ್ ಯಾಕೆ?' ಅಂತಾರೆ. ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಳ್ತೀರಾ?"

ಎಂಥ ದೊಡ್ಡ ಮನಸ್ಸಿನ ಮನುಷ್ಯ! ತನಗೆ ಬರುವುದನ್ನು ತಾನೇ ತಳ್ಳಿ ನನ್ನನ್ನು ಉಳಿಸಲು ನೋಡುತ್ತಿದ್ದಾರೆ. ಅವರು ಹೇಳಿದ್ದು ನೂರಕ್ಕೆ ನೂರು ಲೆಕ್ಕಾಚಾರದ ಮಾತು. ವಿಮಾನವಾದರೆ ನನ್ನನ್ನು ಯಾರೂ ಕದಲಿಸಲಾರರು. ಮಕ್ಕಳಿಗೆ ತಿಳಿಯುವುದೇ ಇಲ್ಲ, ನಾನು ಬೇಕಾಗುತ್ತಲೇ ಇರುತ್ತೇನೆ.

ಸಂಜೆ ಊಟಕ್ಕೆ ಕೂತರೆ ಗಂಟಲಲ್ಲಿ ಇಳಿಯಲಿಲ್ಲ. ಇವರು, "ನೋವಾ?" ಎಂದು ಕೇಳಿದರು. ನಮ್ಮ ಯಜಮಾನರಿಗೆ ನನ್ನ ಯಾವ ಸಮಸ್ಯೆಯಾದರೂ ಗಂಟಲಿನದೇ. ಅತ್ತೆ ಸ್ಲೇಟು ಕೇಳಿ ಪಡೆದು ಎಲ್ಲ ಬರೆಸಿಕೊಂಡರು. ಒಂದು ಕಾಲದಲ್ಲಿ ಮನೆಯ ಜಗಲಿಯ ಮೇಲೆ ಬೀದಿಯ ಹುಡುಗಿಯರಿಗೆಲ್ಲ ಕಸೂತಿ ಹೇಳಿಕೊಟ್ಟವರು ಅವರು.

"ಸುಲಭದ ಮಾದರಿ ಕೊಟ್ಟರೆ ಹುಡುಗೀರು ಹೊಲಿಗೆ ಕಲೀತಿದ್ರು. ಕಷ್ಟದ್ದು ಕೊಟ್ಟರೆ ನನ್ನನ್ನ ಹೊಗಳಿ ಮನೆಗೆ ಹೋಗ್ತಿದ್ರು" ಎಂದು ಹೇಳಿ ಕೈ ತೊಳೆಯಲು ಎದ್ದರು.

ಸೆಪ್ಟೆಂಬರ್ 12, ಗುರುವಾರ

ಚೌಕಳಿ ಎಂದು ಬರೆದುಕೊಟ್ಟೆ. ಲೆಕ್ಕದ ಮೇಷ್ಟ್ರು ತಲೆ ಚಚ್ಚಿಕೊಂಡರು. ನಾಳೆ ಏಣಿ ಹತ್ತಿಸುವ ಹುಡುಗನಿಗೆ ಇಳಿಯುವುದನ್ನೂ ತೋರಿಸಬೇಕು.

ಸೆಪ್ಟೆಂಬರ್ 27, ಶುಕ್ರವಾರ

ಸಮಿತಿಯ ಕಾರ್ಯದರ್ಶಿಗಳು ಬಂದಿದ್ದರು. ಪೈಪು ನಲ್ಲಿಗಳ ಅಂಗಡಿ ಇಟ್ಟುಕೊಂಡವರು, ಮಾತು ಕಡಿಮೆ. ದೊಡ್ಡ ಮೇಡಂ ಜೊತೆಯಲ್ಲಿ ಲ್ಯಾಬಿನ ತುಂಬ ಓಡಾಡಿದರು. ಬೆಲೆ ಕೇಳಿದರು, ತಲೆದೂಗಿದರು. ಒಂದು ಮಗುವಿನ ಹೆಡ್‌ಫೋನು ಪಡೆದು ಕಿವಿಗೆ ಹಿಡಿದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡೆ.

ಆಮೇಲೆ ಅವರು ಅದೇ ಪ್ರಶ್ನೆ ಕೇಳಿದರು. "ಅಲ್ಲಾ, ಇಷ್ಟು ಸುಲಭ ಇದೆ, ಮಕ್ಕಳೇ ಮಾಡ್ಕೋತಿದ್ದಾರೆ. ಹಾಗಾದ್ರೆ ಇದರಲ್ಲಿ ಟೀಚರ್ ಕೆಲಸ ಏನು?"

ಮಿಸ್ ನನ್ನನ್ನೇ ನೋಡಿದಳು. ನಾನು ಬಳಪ ಎತ್ತಿಕೊಂಡೆ. ಏನು ಬರೆಯುವುದು? ಅಷ್ಟರಲ್ಲಿ ಗುಬ್ಬಿ ಬಂದು ನನ್ನ ಸೆರಗು ಜಗ್ಗಿದಳು. ಅವಳಿಗೆ ಕಾರ್ಯದರ್ಶಿಯೂ ಒಂದೇ, ಕಂಬವೂ ಒಂದೇ.

"ಟೀಚರ್, ನನ್ನ ಹಾಡು ಮುಗೀತಾನೇ ಇಲ್ಲ. ಎಷ್ಟು ಸೇರಿಸಿದ್ರೂ ಮುಗಿಯಲ್ಲ."

ಮಿಸ್ ಸ್ಪೀಕರಿಗೆ ತಂತಿ ಚುಚ್ಚಿದಳು. ಹಾಡು ಕೋಣೆಗೆಲ್ಲ ಕೇಳಿಸಿತು. ಎರಡು ಸ್ವರ, ಖಾಲಿ, ಎರಡು ಸ್ವರ, ಹೀಗೆ ಚೆನ್ನಾಗಿ ಹೋಗಿ ಹೋಗಿ, ಎತ್ತಿದ ಕಾಲು ಇಳಿಸದೆ ನಿಂತಂತೆ ನಿಂತುಬಿಟ್ಟಿತು. ಮಕ್ಕಳೆಲ್ಲ ಮುಂದೇನು ಎಂದು ಕತ್ತು ಚಾಚಿದರು. ಕಾರ್ಯದರ್ಶಿಗಳೂ ಚಾಚಿದರು.

ಯಾವ ಮನೆ ಎಂದು ನನಗೆ ಗೊತ್ತಿತ್ತು. ಬೆರಳು ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಸ್ಲೇಟಿನ ಮೇಲೆ ಬರೆದೆ: "ಎಲ್ಲಿಂದ ಹೊರಟೆ?"

ಗುಬ್ಬಿ ಓದಿದಳು. ಸ್ಕ್ರೀನಿನ ಎಡತುದಿಗೆ ಹೋಗಿ ತನ್ನ ಮೊದಲ ಮನೆಯನ್ನು ಒತ್ತಿ ಕೇಳಿದಳು, ಮತ್ತೊಮ್ಮೆ ಕೇಳಿದಳು. ಎಲ್ಲರೂ ಕಾದೆವು. ಅವಳು ಕೊನೆಗೆ ಸೇರಿಸಿದ್ದನ್ನೆಲ್ಲ ಒಂದೊಂದಾಗಿ ಅಳಿಸಿ, ಅದೇ ಮೊದಲ ಸ್ವರದ ಸಾಲಿನಲ್ಲಿ ಒಂದೇ ಒಂದು ಮನೆಗೆ ಬಣ್ಣ ತುಂಬಿದಳು. ಹಾಡನ್ನು ಮೊದಲಿಂದ ಹಾಕಿದಳು. ಹಾಡು ಬಂದು ಕೂತಿತು. ತನ್ನ ಕೈಯಿಂದಲೇ ಆದದ್ದಕ್ಕೆ ಅವಳ ಮುಖ ಅರಳಿದ್ದನ್ನು ನೋಡಬೇಕಿತ್ತು.

"ಹಾಂ, ಈಗ ಮನೆ ಸೇರ್ತು" ಎಂದರು ಕಾರ್ಯದರ್ಶಿಗಳು, ಉಸಿರು ಬಿಟ್ಟು. ಕೋಣ ಎಂದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. "ಇದನ್ನ ಕಂಪ್ಯೂಟರೇ ಹೇಳ್ಕೊಡಲ್ವಾ?"

"ಇಲ್ಲ ಸರ್" ಎಂದಳು ಮಿಸ್. "ಎಲ್ಲಿ ನಿಲ್ಲಿಸಿದ್ರೂ ಅದಕ್ಕೆ ಒಂದೇ. ನಿಜ ಹೇಳಬೇಕು ಅಂದ್ರೆ ನನಗೂ ಒಂದೇ. ಅಕ್ಕ ಕೇಳಿಸಿಕೊಂಡ್ರು, ಅದಕ್ಕೇ ಆ ಪ್ರಶ್ನೆ ಕೇಳೋಕೆ ಆಯ್ತು."

ಎಲ್ಲರ ಮುಂದೆ ಅಕ್ಕ ಎಂದುಬಿಟ್ಟಳು! ಕಾರ್ಯದರ್ಶಿಗಳು "ನೋಡೋಣ" ಎಂದು ಹೇಳಿ ಹೊರಟುಹೋದರು.

ಸೆಪ್ಟೆಂಬರ್ 30, ಸೋಮವಾರ

ಸುದ್ದಿಯಿಲ್ಲ. "ನೋಡೋಣ" ಎಂದವರು ಎಷ್ಟು ಹೊತ್ತು ನೋಡುತ್ತಾರೆ?

ಅಕ್ಟೋಬರ್ 4, ಶುಕ್ರವಾರ

ಉಳಿಯಿತು! ಸಂಗೀತದ ಪೀರಿಯಡ್ ಉಳಿಯಿತು. ಬೆಳಿಗ್ಗೆ ಗೇಟಿನ ಹತ್ತಿರವೇ ದೊಡ್ಡ ಮೇಡಂ ನಿಲ್ಲಿಸಿಕೊಂಡು ಹೇಳಿದರು. ನನ್ನ ಪೀರಿಯಡ್ಡನ್ನೂ ಮಿಸ್ಸಿನದನ್ನೂ ಸೇರಿಸಿ ವಾರಕ್ಕೆ ಎರಡು ಸಲ ಲ್ಯಾಬಿನಲ್ಲೇ ನಡೆಸಬೇಕಂತೆ, ಚಿಕ್ಕ ತರಗತಿಯವರಿಗೂ ಶುರು ಮಾಡಬೇಕಂತೆ. ಲೆಕ್ಕದ ಮೇಷ್ಟ್ರು ನನ್ನ ಕೈ ಕುಲುಕಿ, "ನನ್ನ ಲೆಕ್ಕ ತಪ್ಪಿದ್ದಕ್ಕೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ" ಎಂದರು. ಚಿಕ್ಕವರಿಗೆ ಚೌಕಳಿಯ ಎಷ್ಟು ಮನೆ ತೋರಿಸುವುದು, ಎಷ್ಟು ಮುಚ್ಚಿಡುವುದು ಎಂದು ಯೋಚಿಸಬೇಕು. ಮೊದಲ ವಾರ ಮೂರೇ ಸ್ವರ ಸಾಕು ಎಂದು ನನಗನ್ನಿಸುತ್ತದೆ. ಮಿಸ್, ಅಕ್ಕ ಎಂದ ಮೇಲೆ ನನಗೆ ತಂಗಿಯೇ, ಐದು ಎನ್ನುತ್ತಾಳೆ. ಅವಳ ಜೊತೆ ಜಗಳವಾಡುವುದೂ ಒಂದು ಸುಖ.

ಮಧ್ಯೆ ಇವತ್ತೇ ಡಾಕ್ಟರ ಹತ್ತಿರವೂ ಹೋಗಿಬಂದದ್ದಾಯಿತು. ಇವರಿಗೆ ರಜೆ ಸಿಗದೆ ತಂಗಿಯೇ ಜೊತೆಗೆ ಬಂದಳು. ಗಾಯ ಒಣಗಿದೆ, ಮಾತು ಬರುತ್ತದೆ, ಹಾಡುವ ಧ್ವನಿ ಮಾತ್ರ ಇನ್ನು ಬರುವುದಿಲ್ಲವಂತೆ. ಬರುವಾಗ ಬಸ್ಸಿನಲ್ಲಿ ಚಿಕ್ಕವರ ಪಾಠದ ಬಗ್ಗೆ ಸ್ಲೇಟು ತುಂಬ ಬರೆದು ತೋರಿಸುತ್ತಿದ್ದರೆ ತಂಗಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಪೀರಿಯಡ್ ಉಳಿದ ಸಂತೋಷವಿರಬೇಕು, ಮೆತ್ತನೆಯ ಮನಸ್ಸಿನ ಹುಡುಗಿ.

ಇಂದಿನಿಂದ ದಿನಕ್ಕೆ ನಾಲ್ಕಾರು ಮಾತು ಆಡಬಹುದು, ನಿಧಾನವಾಗಿ, ಕೂಗದೆ. ಬಸ್ಸಿನಲ್ಲಿ ಆಡಲಿಲ್ಲ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿಕೊಂಡರೂ ಆಡಲಿಲ್ಲ. ಕೊನೆಯ ಪೀರಿಯಡ್ಡಿಗೆ ಲ್ಯಾಬಿಗೆ ಹೋದೆ. ಸುದ್ದಿ ಆಗಲೇ ಹಬ್ಬಿತ್ತು. ಮಕ್ಕಳೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಎಂದಿನಂತೆ ಕೆಂಪು ಹೆಡ್‌ಫೋನು ತೆಗೆದುಕೊಂಡು ಹೊರಟೆ. ಗುಬ್ಬಿ ಹೊಸದೊಂದು ಮಾಡಿಟ್ಟಿದ್ದಳು. ಕೇಳಿದೆ. ನಡುವೆ ಒಂದು ಕಡೆ ಅವಳು ಏನು ಮಾಡಿದ್ದಾಳೆಂದು ನನಗೆ ತಿಳಿಯಲಿಲ್ಲ. ನಿಜವಾಗಿಯೂ ತಿಳಿಯಲಿಲ್ಲ, ಅಷ್ಟು ಚೆನ್ನಾಗಿತ್ತು. ಅವಳ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ದನಿ ಬಂತು, ಕುರ್ಚಿ ಎಳೆದ ಹಾಗೆಯೇ ಗೊರಗೊರ, ಮಕ್ಕಳು ಬೆಚ್ಚಿಬಿದ್ದರು.

"ಇನ್ನೊಂದು ಸಲ ಹಾಕು ಮಗಾ" ಎಂದೆ. "ಕೇಳ್ತೀನಿ."